ಬೇಳೆ ಕರಗಿಸಿದ ನೀರು

ನಮ್ಮೂರಿನ ಹೆಂಗಸರು ನೀರನ್ನು ನಾಲಿಗೆಯಿಂದ ಪರೀಕ್ಷೆ ಮಾಡುವುದಿಲ್ಲ, ಒಲೆಯ ಮೇಲೆ ಮಾಡುತ್ತಾರೆ. ಹೊಸ ಬಾವಿಯಾಗಲಿ, ಹೊಸ ಬೋರಾಗಲಿ, ಮೊದಲ ಕೊಡದ ನೀರಿನಲ್ಲಿ ತೊಗರಿ ಬೇಳೆ ಬೇಯಲು ಇಡುತ್ತಾರೆ. ಬೇಳೆ ಬೆಣ್ಣೆಯ ಹಾಗೆ ಕರಗಿದರೆ ನೀರು ಪಾಸು. ಕಾಳು ಕಾಳಾಗಿ ಉಳಿದರೆ ಆ ನೀರು ದನಕ್ಕೆ, ಬಟ್ಟೆಗೆ. ತೊಗರಿ ಬೆಳೆಯುವ ಸೀಮೆಯಲ್ಲಿ ಇದರ ಮೇಲೆ ಇನ್ನೊಂದು ಕೋರ್ಟಿಲ್ಲ.

ನಮ್ಮೂರು ದೇವಾಪುರದ ಆಚೆ, ಕಲ್ಲಿನ ದಿಣ್ಣೆಯ ಮೇಲಿದೆ. ಕೃಷ್ಣೆಯ ಕಾಲುವೆ ಆ ದಿಣ್ಣೆ ಹತ್ತಲಾರದೆ ಸುತ್ತು ಹಾಕಿಕೊಂಡು ಹೋಗಿದೆ. ಕೆಳಗಿನವರಿಗೆ ಭತ್ತ, ನಮಗೆ ತೊಗರಿ, ಹತ್ತಿ. ನಾನು ಇನ್ನೂ ಅಂಗನವಾಡಿಗೆ ಹೋಗುವಾಗ ಮನೆಯ ಹಿಂದಿನ ಬಾವಿ ಬರೀ ಕೆಸರಾಯಿತು. ಅಪ್ಪ ಬೋರಿನ ಲಾರಿ ಕರೆಸಿದ. ಮೊದಲು ಎರೆಮಣ್ಣು ಬಂತು, ಆಮೇಲೆ ಮೊರಂ, ಆಮೇಲೆ ದಿನವಿಡೀ ಬೂದು ಬಣ್ಣದ ಕಲ್ಲಿನ ಪುಡಿ. ಸಂಜೆಗೆ ಪುಡಿ ಗುಲಾಬಿ ಬಣ್ಣಕ್ಕೆ ತಿರುಗಿತು, ಅದರ ಬೆನ್ನಿಗೇ ನೀರು ಚಿಮ್ಮಿತು. ಅಪ್ಪ ಕಾಯಿ ಒಡೆದು, ಎಲ್ಲರೆದುರು ಗಂಗೆಗೆ ಮಾತು ಕೊಟ್ಟ: ದಿನಾ ಮೊದಲ ತಂಬಿಗೆ ಲಿಂಗಕ್ಕೆ, ಉಳಿದದ್ದು ಮನೆಗೆ.

ಅವ್ವ ಅಂದೇ ಬೇಳೆ ಇಟ್ಟಳು. ಅಂಥ ಬೇಳೆಯನ್ನು ನಾನು ಅದಕ್ಕೆ ಮೊದಲು ಉಂಡಿರಲಿಲ್ಲ. ಓಣಿಯ ಮಂದಿಯೆಲ್ಲ ಕೊಡ ಹಿಡಿದು ಬಂದರು, ಅಪ್ಪ ಯಾರಿಗೂ ಇಲ್ಲವೆನ್ನಲಿಲ್ಲ. ಕೆರೆಯದು ನೂರು ಮಂದಿ ಕಾಲು ತೊಳೆದ ನೀರು, ಇದು ಯಾರೂ ಮುಟ್ಟದ ಪಾತಾಳದ ನೀರು ಎಂದು ಮೀಸೆ ತಿರುವುತ್ತಿದ್ದ. ಆಳಕ್ಕೆ ಹೋದಷ್ಟೂ ಮಡಿ ಎಂಬುದು ನಮ್ಮೆಲ್ಲರ ನಂಬಿಕೆಯಾಗಿತ್ತು.

ಹಾಲುಹಲ್ಲು ಬಿದ್ದ ಮೇಲೆ ಬಂದ ನನ್ನ ಹಲ್ಲುಗಳಿಗೆಲ್ಲ ಕಂದು ಪಟ್ಟೆ. ಓಣಿಯ ಮಕ್ಕಳೆಲ್ಲರದೂ ಅದೇ ಕಥೆ. ಶಹಾಪುರದಿಂದ ನನ್ನನ್ನು ನೋಡಲು ಬಂದವರು ಅವ್ವನನ್ನು ಪಕ್ಕಕ್ಕೆ ಕರೆದು, ಹುಡುಗಿಗೆ ತಂಬಾಕಿನ ಚಟ ಇದೆಯೇ ಎಂದು ಕೇಳಿದರಂತೆ. ಮದುವೆಯಾದ ಮೇಲೆ ನಾನು ನಗುವಾಗ ಬಾಯಿಗೆ ಸೆರಗು ಹಿಡಿಯುವುದನ್ನು ಕಂಡು, ಸೊಸೆಗೆ ನಾಚಿಕೆ ಬಹಳ ಎಂದು ಅತ್ತೆ ನಾಲ್ಕು ಮಂದಿಯಲ್ಲಿ ಹೊಗಳಿದರು. ನಾನೂ ತಿದ್ದಲು ಹೋಗಲಿಲ್ಲ.

ಅಪ್ಪನ ಬೆನ್ನು ಐವತ್ತಕ್ಕೆ ಮೊದಲೇ ಬಗ್ಗದಾಯಿತು. ಆಮೇಲೆ ಕುತ್ತಿಗೆ. ಪೂಜೆಗೆ ಕುಳಿತಾಗ ಎಡ ಅಂಗೈಯ ಮೇಲಿನ ಲಿಂಗವನ್ನು ನೋಡಲು ತಲೆ ತಗ್ಗಿಸಬೇಕಲ್ಲ, ಅದು ಆಗುತ್ತಿರಲಿಲ್ಲ. ಕೈಯನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿಕೊಳ್ಳುತ್ತಿದ್ದ. ವಾಯು ಎಂದರು, ದುಡಿದ ಮೈ ಎಂದರು. ಊರಿನ ಅರ್ಧ ಗಂಡಸರು ಹಾಗೇ ಮರದ ತುಂಡಿನಂತೆ ನಡೆಯುತ್ತಿದ್ದುದರಿಂದ ಅದು ರೋಗವೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ನನ್ನ ತಮ್ಮನ ಮಗಳಿಂದ. ಅವಳಿಗೆ ಐದು ತುಂಬುವ ಹೊತ್ತಿಗೆ ನಡೆಯುವಾಗ ಮೊಣಕಾಲು ಒಂದಕ್ಕೊಂದು ಬಡಿಯತೊಡಗಿದವು. ಅವ್ವ ಕೊಡೇಕಲ್ಲಿನ ಗುಡಿಗೆ ಕರೆದುಕೊಂಡು ಹೋಗಿ ಭಸ್ಮ ತಂದಳು. ತವರಿಗೆ ಬಂದಿದ್ದ ನಾನು ಜಗಳ ಮಾಡಿ ಸುರಪುರದ ಎಲುಬಿನ ಡಾಕ್ಟರರ ಹತ್ತಿರ ಒಯ್ದೆ. ಅವರು ಮಗುವಿನ ಕಾಲು ನೋಡುವ ಮೊದಲು ನನ್ನ ಹಲ್ಲು ನೋಡಿದರು. ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. ನೀರಿನಲ್ಲಿ ಫ್ಲೋರೈಡ್ ಇದೆ, ಅದು ಎಲುಬಿಗೆ ಹೋಗಿ ಕೂರುತ್ತದೆ, ಕಾಯಿಸಿದರೂ ಸೋಸಿದರೂ ಹೋಗುವುದಿಲ್ಲ ಎಂದರು. ಬೆಳೆಯುವ ಎಲುಬು, ಈಗಲೇ ನೀರು ಬದಲಿಸಿದರೆ ಕಾಲು ಸರಿಹೋದೀತು, ತಡಮಾಡಿದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಅಪ್ಪನ ಬಗ್ಗೆ ಕೇಳಿದ್ದಕ್ಕೆ ಆಗದು ಎಂಬಂತೆ ತಲೆಯಾಡಿಸಿದರು.

ಆಮೇಲೆ ಓದಿ, ಕೇಳಿ ಒಂದಿಷ್ಟು ತಿಳಿದುಕೊಂಡೆ. ನಮ್ಮ ಎರೆಮಣ್ಣು ಕೂಡ ಒಂದು ಕಾಲಕ್ಕೆ ಕಲ್ಲೇ. ಭೂಮಿಯ ಹೊಟ್ಟೆಯಲ್ಲಿ ಕುದ್ದು, ಮೇಲೆ ಬಂದು ತಣಿದು, ಮಳೆ ಬಿಸಿಲಿಗೆ ಪುಡಿಯಾಗಿ ಹೊಲವಾದದ್ದು. ಕಲ್ಲು ಕರಗದಿದ್ದರೆ ತೊಗರಿಯೂ ಇಲ್ಲ, ನಾವೂ ಇಲ್ಲ. ಅದೇ ಕೆಲಸ ಕೆಳಗೂ ನಡೆದಿದೆ. ಬಾವಿಯದು ನಿನ್ನೆ ಮೊನ್ನೆಯ ಮಳೆಯ ನೀರು. ಬೋರಿನದು ಸಂದಿಗಳಲ್ಲಿ ಯಾವ ಕಾಲದಿಂದಲೋ ಕಲ್ಲಿನ ಜೊತೆ ಸಂಸಾರ ಮಾಡಿದ ನೀರು, ಕಲ್ಲಿನಲ್ಲಿದ್ದದ್ದನ್ನೆಲ್ಲ ಮೈಗೆ ಹಚ್ಚಿಕೊಂಡಿದೆ. ಬೇಳೆಯನ್ನು ಬೇಯಗೊಡದ ಸುಣ್ಣದಂಶ ಅಂಥ ನೀರಿನಲ್ಲಿ ಕಡಿಮೆ, ಸುಣ್ಣ ಕಡಿಮೆಯಿದ್ದಲ್ಲಿ ಫ್ಲೋರೈಡ್ ಜಾಸ್ತಿ. ಅಂದರೆ ನಮ್ಮ ಹೆಂಗಸರ ಒಲೆಯ ಪರೀಕ್ಷೆ ಅಷ್ಟು ವರ್ಷ ಕೆಟ್ಟ ನೀರನ್ನೇ ಆರಿಸಿ ಆರಿಸಿ ಕೊಟ್ಟಿತ್ತು. ಇದನ್ನು ತಿಳಿದ ದಿನ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಶಹಾಪುರದ ಗುಡ್ಡದ ಆಕಾರದಲ್ಲಿ ಮಂದಿ ಮಲಗಿದ ಬುದ್ಧನನ್ನು ಕಂಡು ಫೋಟೋ ತೆಗೆದುಕೊಳ್ಳುತ್ತಾರೆ. ನನಗೀಗ ಅಲ್ಲಿ ಕಾಣುವುದು ಬರೀ ಕಲ್ಲು.

ಊರಿನಲ್ಲಿ ಶುದ್ಧ ನೀರಿನ ಘಟಕವಿದೆ, ಅದಕ್ಕೆ ಬೀಗವೂ ಇದೆ. ತಮ್ಮ ದಿನಾ ಬೈಕಿನ ಮೇಲೆ ಕಾಲುವೆ ಕಡೆಯ ಊರಿನಿಂದ ಕ್ಯಾನು ತರಲು ಒಪ್ಪಿದ. ಅವ್ವನನ್ನು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು. "ಬ್ಯಾಳಿ ಅಷ್ಟ್ ಚಂದ ಕುದಿಸೋ ನೀರು ವಿಷ ಹ್ಯಾಂಗ ಆಗ್ತದ?" ಎಂದು ಕೇಳುತ್ತಲೇ ಇದ್ದಳು. ಕಾಲುವೆ ನೀರಿನಲ್ಲಿ ಬೇಳೆ ಬೇಯದೆ ಸೀದು ಹೋಯಿತೆಂದು ನನ್ನೆದುರೇ ಪಾತ್ರೆ ಕುಕ್ಕಿದಳು.

ಉಳಿದದ್ದು ಅಪ್ಪ. ಲಿಂಗಕ್ಕೆ ಎರೆದ ಬೋರಿನ ನೀರನ್ನು ಅವನು ದಿನಾ ಬೆಳಿಗ್ಗೆ ತೀರ್ಥವೆಂದು ಕುಡಿಯುತ್ತಿದ್ದ, ಎದುರಿಗೆ ಕೂತ ಮೊಮ್ಮಗಳ ಬೊಗಸೆಗೂ ಹಾಕುತ್ತಿದ್ದ. ಅವಳು ಎದ್ದು ಮುಖ ತೊಳೆದುಕೊಳ್ಳುತ್ತಿದ್ದುದೇ ಆ ಬೊಗಸೆ ನೀರಿಗಾಗಿ. ಅಪ್ಪನ ಕಾಲ ಹತ್ತಿರ ಕೂತು ಡಾಕ್ಟರರು ಹೇಳಿದ್ದನ್ನೆಲ್ಲ ಹೇಳಿದೆ. ಕೂಸಿನ ಕಾಲಿನ ವಿಷಯ ಬಂದಾಗ ಅವನ ಮುಖ ಬಿಳಿಚಿತು.

"ಕೂಸಿಗಿ ಕೊಡಬ್ಯಾಡ ಅಪ್ಪಾ. ನೀನೂ ಬಿಡು," ಎಂದೆ.

"ಮಾತು ಕೊಟ್ಟಾಂವ ನಾನು," ಎಂದ ಅಪ್ಪ. "ಕೂಸು ಕೊಟ್ಟಿಲ್ಲ."

ಅದರ ಮೇಲೆ ಎಷ್ಟು ಹೇಳಿದರೂ ಗೋಡೆಗೆ ಹೇಳಿದಂತಾಯಿತು. ತನ್ನ ಎಲುಬು ಇನ್ನು ತಿರುಗಿ ಮೆತ್ತಗಾಗುತ್ತದೆಯೇ ಎಂದು ನನ್ನನ್ನೇ ಕೇಳಿದ.

ಮರುದಿನ ಬೆಳಿಗ್ಗೆ ಪೂಜೆ ಮುಗಿಯುವಷ್ಟರಲ್ಲಿ ಹುಡುಗಿ ಮೊಣಕಾಲು ಬಡಿಯುತ್ತ ಬಂದು ಎದುರಿಗೆ ಕೂತಳು, ಬೊಗಸೆ ಒಡ್ಡಿದಳು. ಅಪ್ಪ ರೂಢಿಯಂತೆ ಅವಳ ಪಾಲನ್ನೂ ಸೇರಿಸಿಯೇ ಲಿಂಗಕ್ಕೆ ಎರೆದುಬಿಟ್ಟಿದ್ದ. ತೀರ್ಥದ ಬಟ್ಟಲು ಕೈಯಲ್ಲಿ ಹಾಗೇ ನಿಂತಿತು. ಬಗ್ಗಿ ಅವಳನ್ನು ನೋಡಲು ಕುತ್ತಿಗೆ ಬರಲಿಲ್ಲ, ಗೋಡೆ ನೋಡುತ್ತಲೇ ಇನ್ನು ಮೇಲೆ ನಿನಗಿಲ್ಲ ತಾಯಿ ಎಂದ. ಅವಳು ಕೈ ತೆಗೆಯಲಿಲ್ಲ. ತೀರ್ಥವನ್ನು ನೆಲಕ್ಕೆ ಚೆಲ್ಲುವಂತಿಲ್ಲ. ಅಪ್ಪ ತನ್ನ ಪಾಲು ಕುಡಿದ, ಒಂದು ಗಳಿಗೆ ಕಣ್ಣು ಮುಚ್ಚಿಕೊಂಡು ಕೂತ, ಆಮೇಲೆ ಬಟ್ಟಲನ್ನು ಮತ್ತೆ ಎತ್ತಿ ಉಳಿದದ್ದನ್ನೂ ಕುಡಿದ.

ಹುಡುಗಿ ಅಳುತ್ತ ನನ್ನ ಹತ್ತಿರ ಬಂದಳು.

"ಅತ್ತಿ, ಮುತ್ಯಾ ನಂದೂ ಕುಡ್ದ."