ಬತ್ತದ ಬಾವಿ

ಗಿರಿಜಕ್ಕ, ಆ ಬೇಸಿಗೆ ಬಾವಿ ಬತ್ತಿರಲಿಲ್ಲ. ಬತ್ತಿದೆ ಎಂದು ನಾನು ಸುಳ್ಳು ಹೇಳಿದೆ. ಒಳಗೆ ಕೊಡ ತುಂಬಿಟ್ಟುಕೊಂಡು ನಿನಗೆ ನೀರು ಕೊಡಲಿಲ್ಲ.

ನೀನು ಹೋಗಿ ಎಷ್ಟೋ ಕಾಲವಾಯಿತು. ಈಗ ಹೇಳಿ ಏನು ಪ್ರಯೋಜನ ಎಂದರೆ — ಗೊತ್ತಿಲ್ಲ.

ಯುದ್ಧದ ವರ್ಷಗಳಲ್ಲಿ ನಿನ್ನ ತಮ್ಮನ ಕೈಹಿಡಿದು ನಾನು ಈ ಬರದ ಸೀಮೆಯ ಜಗಳೂರಿಗೆ ಬಂದೆ. ಸೂಳೆಕೆರೆಯ ಕೆಳಗಿನ ಹಳ್ಳಿಯವಳು, ನೀರನ್ನು ಅಳೆದು ಬಳಸಿ ಗೊತ್ತಿಲ್ಲದವಳು. ಗಾಡಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ್ದ ನೀನು ಪಡಸಾಲೆಯಲ್ಲಿ ಕೂತು ಉಣ್ಣೆ ನೂಲುತ್ತಿದ್ದೆ. ಹಾದಿಹೋಕರನ್ನು ಕರೆಕರೆದು ಮಾತಾಡಿಸಿ ನಗಿಸುತ್ತಿದ್ದೆ. ಅತ್ತೆ ತೀರಿಕೊಂಡ ಮೇಲೆ ನಿನ್ನ ಆರೈಕೆ ನನ್ನ ಪಾಲಿಗೆ ಬಂತು. ಮೀಸುತ್ತಿದ್ದೆ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿದ್ದೆ. ಅದರಲ್ಲಿ ಮೈಗಳ್ಳತನ ಮಾಡಲಿಲ್ಲ, ಅಷ್ಟು ಹೇಳಬಲ್ಲೆ.

ಕಷ್ಟವಿದ್ದದ್ದು ಒಂದಕ್ಕೆ ಎರಡಕ್ಕೆ ನಿನ್ನನ್ನು ಹಿತ್ತಲಿಗೆ ಎತ್ತಿಕೊಂಡು ಹೋಗುವುದರಲ್ಲಿ. ಆ ಬೇಸಿಗೆ ನಿನ್ನ ತಮ್ಮ ಕುರಿಮಂದೆ ಹೊಡೆದುಕೊಂಡು ನೀರಿನ ಸೀಮೆಗೆ ಹೋಗಿದ್ದರು. ನಾನು ಬಸುರಿ. ನಿನ್ನ ಕಂಕುಳಿಗೆ ಕೈಕೊಟ್ಟು ಎತ್ತಿದಾಗಲೆಲ್ಲ ಸೊಂಟ ಕಳಚಿ ಬಿದ್ದಂತಾಗುತ್ತಿತ್ತು. ನೆರೆಯವರನ್ನು ಕರೆಯಬಹುದಿತ್ತು — ಕರೆದರೆ ಬಂದೇ ಬರುತ್ತಿದ್ದರು. ಒಬ್ಬಳೇ ನಿಭಾಯಿಸುತ್ತಾಳೆ ಎನ್ನಿಸಿಕೊಳ್ಳುವ ಜಂಬ ನನಗೆ. ನೀನು ಕಡಿಮೆ ಕುಡಿದರೆ ಕಡಿಮೆ ಸಲ ಎತ್ತಬೇಕಾಗುತ್ತದೆ — ಒಂದು ಮಧ್ಯಾಹ್ನ ಈ ಬುದ್ಧಿ ಹೊಳೆಯಿತು.

"ಒಂದ್ ಲೋಟ ನೀರು ಕೊಡೇ" ಎಂದೆ ನೀನು.

"ಬಾವಿ ತಳ ಕಂಡೈತಕ್ಕ. ಇರೋದ್ರಾಗೆ ಸಂಜೀತನಕ ತಳ್ಳಬೇಕು."

ಜಗಳೂರಿನಲ್ಲಿ ಈ ಮಾತನ್ನು ಯಾರು ಅನುಮಾನಿಸುತ್ತಾರೆ? ಎದ್ದು ಹೋಗಿ ನೋಡಲು ನಿನಗೆ ಕಾಲಿರಲಿಲ್ಲ. ಬೇಸಿಗೆಯಿಡೀ ಅದೇ ಸುಳ್ಳು ನಡೆಯಿತು. ಕೊಟ್ಟ ಲೋಟದಲ್ಲೂ ನೀನು ಅರ್ಧ ಉಳಿಸಿ ನನ್ನ ಕಡೆ ಸರಿಸುತ್ತಿದ್ದೆ. "ನೀ ಎರಡು ಜೀವದಾಕಿ. ಕುಂತೋಳಿಗೆ ಎಷ್ಟ್ ಬೇಕು, ನೀ ಕುಡಿ." ಬೇಡವೆಂದರೆ ಸುಳ್ಳು ಹೊರಬೀಳುತ್ತದೆಂಬ ಹೆದರಿಕೆ... ಇಲ್ಲ, ಅದೂ ನೆಪ. ಬಾಯಾರಿತ್ತು, ಕುಡಿದೆ.

ಕೊನೆಗೆ ನಿನಗೆ ಉರಿಮೂತ್ರ ಕಟ್ಟಿಕೊಂಡು ಜ್ವರ ಏರಿತು. ನಮ್ಮ ಕೇರಿಯ ಪಂಡಿತರು ಬಂದು ನಾಡಿ ಹಿಡಿದರು.

"ಈ ತಾಯಿಗೆ ನೀರು ಸಾಲ್ತಿಲ್ಲ. ಯಾಕೆ?"

ನಾನು ಬಾಯಿ ಬಿಡುವ ಮೊದಲೇ ನೀನು ಅಂದೆ: "ಬಾವಿ ಬತ್ತೈತಲ್ರೀ. ಪಾಪ, ಈ ಹುಡುಗಿ ಏನ್ ಮಾಡಾಕಾಗ್ತೈತೆ?"

ಆ ಬಾವಿಯ ನೀರು ನಮ್ಮ ಮನೆ ಬಿಟ್ಟರೆ ಪಂಡಿತರ ಮನೆಗೆ ಮಾತ್ರ. ಅವರು ನನ್ನ ಮುಖ ನೋಡಿದರು. ಆಮೇಲೆ ನಿನ್ನ ಕಡೆ ತಿರುಗಿ, "ಈಗ ಸೆಲೆ ಬಂದೈತಮ್ಮ, ಹೊಟ್ಟೆ ತುಂಬ ಕುಡೀರಿ" ಎಂದರು. ನನ್ನ ಮಾನ ಉಳಿಸಿ ಎದ್ದು ಹೋದರು.

ಅಂದಿನಿಂದ ಕೇಳಿದಷ್ಟು ಕೊಟ್ಟೆ — ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆ ಜ್ವರ ಪ್ರತಿ ಬೇಸಿಗೆಯೂ ಮರಳಿತು. ಅಂಥದೇ ಒಂದು ಜ್ವರದಲ್ಲಿ ನೀನು ಹೋದೆ.

ಅದಕ್ಕೆ ಮೊದಲು, ನೂಲು ಕೊಳ್ಳಲು ಬಂದವರಿಗೆಲ್ಲ ನೀನು ಹೇಳುತ್ತಿದ್ದೆ: "ಹೆತ್ತ ಮಗಳೂ ಹಿಂಗ್ ನೋಡ್ಕೊಳ್ಳಲ್ರೀ. ಬಾವಿ ಬತ್ತಿದ ವರ್ಷ ತಾನು ಕುಡೀದೆ ನಂಗೆ ಕುಡಿಸಿದ್ಲು." ನಡೆದದ್ದನ್ನು ನೀನು ಪ್ರೀತಿಯಿಂದ ತಿರುಗುಮುರುಗು ಮಾಡಿಕೊಂಡಿದ್ದೆ. ನಾನು ತಲೆ ತಗ್ಗಿಸುತ್ತಿದ್ದೆ. ಬಂದವರು ಅದನ್ನು ವಿನಯವೆಂದುಕೊಂಡರು. ಯಾವ ದಿನವಾದರೂ ನಿಜ ಹೇಳಬಹುದಿತ್ತು. ನಿನಗೆ ನೋವಾದೀತು ಎಂದಲ್ಲ ಅಕ್ಕ, ಆ ಹೊಗಳಿಕೆ ಹೋದೀತು ಎಂದು ಸುಮ್ಮನಿದ್ದೆ.

ಮೊನ್ನೆ ಕೇರಿಯ ಮುದುಕಿಯೊಬ್ಬಳು ಆ ಕಥೆಯನ್ನು ನನ್ನ ಮೊಮ್ಮಗಳಿಗೆ ಹೇಳಿದಳು. ಹುಡುಗಿ ಕಣ್ಣು ತುಂಬಿಕೊಂಡು ಬಂದು ನನ್ನ ಪಾದ ಮುಟ್ಟಿ ನಮಸ್ಕರಿಸಿದಳು. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳಲಿಲ್ಲ.