ಫ್ಲೀಲಾಂಡಿನಲ್ಲಿ ಕೇಳಿದ ‘ಹುಬ್ಬಳ್ಳಿಗೆ ಒಯ್ಯಿರಿ’

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅಣ್ಣ ಸೈಕಲ್ ನಿಲ್ಲಿಸಿದ. ಫ್ಲೀಲಾಂಡ್ ದ್ವೀಪದ ಮರಳುದಿಬ್ಬಗಳ ನಡುವಿನ ದಾರಿ ಅದು. ಹೇಳಿಕೊಳ್ಳುವಂಥ ಏರೇನೂ ಇರಲಿಲ್ಲ. ಆದರೂ ಅವನು ಹ್ಯಾಂಡಲ್ ಮೇಲೆ ಬಾಗಿ ಎದೆಯನ್ನು ಅಂಗೈಯಿಂದ ಒತ್ತಿಕೊಂಡಿದ್ದ.

“ಏನಾತಣ್ಣಾ?”

“ಏನಿಲ್ಲ, ಗ್ಯಾಸ್ ಐತಿ. ಹಡಗಿನ್ಯಾಗ ಆ ಕರದ ಚೀಸ್ ತಿನಬಾರದಿತ್ತು.”

ಅವನ ಚೀಲದಲ್ಲಿ ಗ್ಯಾಸಿನ ಪುಡಿ ಸದಾ ಇರುತ್ತದೆ. ಬಾಟಲಿಯ ನೀರಿಗೆ ಹಾಕಿ ಕುಡಿದ. ಇಬ್ಬರೂ ಬೆಂಚಿನ ಮೇಲೆ ಕುಳಿತು ತೇಗಿಗಾಗಿ ಕಾದೆವು. ನಮ್ಮ ಮನೆಯಲ್ಲಿ ಎದೆನೋವಿಗೆ ಮೊದಲ ಹೆಸರು ಗ್ಯಾಸ್. ತೇಗು ಬಂದರೆ ಮುಗಿಯಿತು. ತೇಗು ಬರಲಿಲ್ಲ. ನವೆಂಬರಿನ ಚಳಿಯಲ್ಲಿ ಅವನ ಹಣೆಯಿಂದ ಬೆವರು ಇಳಿಯತೊಡಗಿತು.

ಬೆಳಿಗ್ಗೆಯಷ್ಟೇ ಆಲ್ಮೆರೆಯ ಅವನ ಮನೆಯಿಂದ ಹೊರಟಿದ್ದೆವು. ಲೇವಾರ್ಡನ್‌ನಲ್ಲಿ ರೈಲು ಬದಲಿಸಿ ಹಾರ್ಲಿಂಗನ್ ಬಂದರು. ಅಲ್ಲಿಂದ ಒಂದೂವರೆ ತಾಸು ಹಡಗು. ನಾನು ಟಿಲ್‌ಬರ್ಗ್‌ನಲ್ಲಿ ಓದುತ್ತೇನೆ. ಸಮುದ್ರಕ್ಕೆ ಒಡ್ಡು ಕಟ್ಟಿ ಬದುಕುವ ಈ ದೇಶದಲ್ಲಿ ನನ್ನವರೆಂದರೆ ಇವನೊಬ್ಬನೇ. ರೈಲಿನಲ್ಲಿ ಅವನು ಹೊಡೆದ ಗೊರಕೆಗೆ ಡಬ್ಬಿಯ ಜನರೆಲ್ಲ ತಿರುಗಿ ನೋಡಿದ್ದರು.

“ನಿನ್ನ ಗೊರಕಿಗೆ ಇವರ ಒಡ್ಡು ಒಡದು ಸಮುದ್ರ ಒಳಗ ಬರ್ತೈತಿ ನೋಡು.”

“ಬರ್ಲಿ ಬಿಡು. ಈಜು ಬರದಾಕಿ ನೀನು.”

ಈಗ ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ೧೧೨ಕ್ಕೆ ಕರೆ ಮಾಡಿದೆ. ಎಲ್ಲಿದ್ದೀರಿ ಎಂದರು. ಸುತ್ತ ಮರಳು, ಹುಲ್ಲು, ಮಂಜು. ದಾರಿಯ ಪಕ್ಕದಲ್ಲಿ ಅಣಬೆಯ ಹಾಗಿರುವ ಗಿಡ್ಡ ದಾರಿಗಲ್ಲು ಕಂಡಿತು. ಅದರ ಮೇಲಿನ ಸಂಖ್ಯೆಯನ್ನು ಓದಿ ಹೇಳಿದೆ. ದ್ವೀಪದ ಒಂದೇ ಒಂದು ಆಂಬುಲೆನ್ಸ್ ಅಲ್ಲಿಗೇ ಬಂತು. ಜೊತೆಗೆ ಊರಿನ ಡಾಕ್ಟರ್, ಎತ್ತರದ ಹೆಂಗಸು. ಇಸಿಜಿ ಹಾಳೆ ನೋಡಿ ಇಂಗ್ಲಿಷಿನಲ್ಲಿ ಹೇಳಿದರು:

“ಹೃದಯದ ರಕ್ತನಾಳ ಕಟ್ಟಿಕೊಂಡಿದೆ. ಇಲ್ಲಿ ತೆರೆಯಲು ಆಗುವುದಿಲ್ಲ. ಲೇವಾರ್ಡನ್‌ಗೆ ಒಯ್ಯಬೇಕು.”

ಈ ಮಾತನ್ನು ನಾನು ಬೇರೆ ಭಾಷೆಯಲ್ಲಿ ಕೇಳುತ್ತಲೇ ಬೆಳೆದವಳು. ನಮ್ಮೂರಿನಲ್ಲಿ ಯಾರಿಗೆ ಏನಾದರೂ ಅದೇ ಮಾತು: “ಇಲ್ಲಿ ಆಗೂದಿಲ್ಲ, ಹುಬ್ಬಳ್ಳಿಗೆ ಒಯ್ಯಿರಿ.” ಜೀಪು ಸಿಕ್ಕರೆ ಅರ್ಧ ಜೀವ ಉಳಿದಂತೆ. ಇಂಥ ದೇಶದಲ್ಲೂ ಒಂದು ಹುಬ್ಬಳ್ಳಿ ಇರುತ್ತದೆ, ಅದು ಸಮುದ್ರದ ಆಚೆಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಇಲ್ಲಿ ಜೀಪಿನ ಬದಲು ಹೆಲಿಕಾಪ್ಟರ್. ಡಾಕ್ಟರ್ ಫೋನಿನಲ್ಲಿ ಮಾತಾಡಿ ತಲೆ ಅಲ್ಲಾಡಿಸಿದರು: ಮಂಜಿನಲ್ಲಿ ಇಳಿಯಲಾಗದು, ರಕ್ಷಣಾ ದೋಣಿಯೇ ಗತಿ.

“ಇವರ ಮನೆ ಎಲ್ಲಿ?”

“ಆಲ್ಮೆರೆ.”

“ಅಲ್ಲೇ ಆಗಿದ್ದರೆ ಇಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿ ಆಪರೇಷನ್ ಮೇಜಿನ ಮೇಲಿರುತ್ತಿದ್ದರು.”

ಇಲ್ಲಿಯವರು ಸತ್ಯವನ್ನು ಮೆತ್ತಗೆ ಮಾಡಿ ಹೇಳುವವರಲ್ಲ.

ಆಂಬುಲೆನ್ಸಿನಲ್ಲಿ ಬಂದರಿಗೆ ಬಂದೆವು. ದೋಣಿಯ ಸಿಬ್ಬಂದಿಯಲ್ಲಿ ಒಂದು ಪರಿಚಿತ ಮುಖವಿತ್ತು. ಹಡಗಿಳಿದಾಗ ನಮಗೆ ಸೈಕಲ್ ಬಾಡಿಗೆಗೆ ಕೊಟ್ಟ ಅಂಗಡಿಯವನು, ಈಗ ಜಲನಿರೋಧಕ ಉಡುಪಿನಲ್ಲಿದ್ದ. ರೋಗಿ ಮತ್ತು ನರ್ಸ್‌ಗೆ ಮಾತ್ರ ಜಾಗ ಎಂದ. ಸ್ಟ್ರೆಚರ್ ಮೇಲಿಂದ ಅಣ್ಣ ನನ್ನ ತೋಳು ಹಿಡಿದ.

“ಸೈಕಲ್ ಅಲ್ಲೇ ಬಿಟ್ಟು ಬರಬ್ಯಾಡವಾ. ವಾಪಸ್ ಕೊಡು.”

ದೋಣಿ ಮಂಜಿನೊಳಗೆ ಹೋಯಿತು. ಅದು ಮರೆಯಾದ ಮೇಲೂ ಎಂಜಿನ್ನಿನ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ. ಆ ದಿನದ ಕೊನೆಯ ಹಡಗು ಹೊರಟುಹೋಗಿತ್ತು.

ದಿಬ್ಬದ ದಾರಿಗೆ ವಾಪಸ್ ನಡೆದೆ. ಇಲ್ಲಿಯವರು ಒಂದು ಸೈಕಲ್ ತುಳಿಯುತ್ತ ಇನ್ನೊಂದನ್ನು ಒಂದೇ ಕೈಯಲ್ಲಿ ಎಳೆದುಕೊಂಡು ಹೋಗುತ್ತಾರೆ. ನನಗೆ ಬರಲಿಲ್ಲ. ಎರಡನ್ನೂ ಎಡಬಲಕ್ಕೆ ಹಿಡಿದು ತಳ್ಳಿಕೊಂಡು ಬಂದೆ. ಅವನ ಸೈಕಲ್ಲಿನ ಪೆಡಲ್ ಮತ್ತೆ ಮತ್ತೆ ನನ್ನ ಕಾಲಿಗೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ಒಬ್ಬರೂ ಎದುರಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ಹೇಳಲು ನನ್ನ ಹತ್ತಿರ ಅರ್ಧ ಸುದ್ದಿ ಮಾತ್ರ ಇತ್ತು.

ರಾತ್ರಿ ಉಳಿಯಲು ಹಿಡಿದ ಹೋಟೆಲಿನ ಕೋಣೆಯಲ್ಲಿದ್ದಾಗ ಆಸ್ಪತ್ರೆಯಿಂದ ಕರೆ ಬಂತು. ನಾಳ ತೆರೆದಿದ್ದಾರೆ, ಸ್ಟೆಂಟ್ ಹಾಕಿದ್ದಾರೆ, ಜೀವ ಇದೆ; ಹೃದಯಕ್ಕೆ ಎಷ್ಟು ಪೆಟ್ಟಾಗಿದೆಯೆಂದು ಈಗಲೇ ಹೇಳಲಾಗದು. ಧನ್ಯವಾದ ಹೇಳಿ ಫೋನ್ ಇಟ್ಟೆ. ಆ ಮಾತನ್ನು ತಿರುಗಿ ಹೇಳಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯವನ ಕಣ್ಣುಗಳು ಕೆಂಪಗಿದ್ದವು.

“ಎರಡೂ ತಂದಿರಾ!”

“ಅಣ್ಣ ಹೇಳಿದ್ದ.”

“ಗೊತ್ತು. ದೋಣಿಯಲ್ಲಿ ನನಗೂ ಎರಡು ಸಲ ಹೇಳಿದರು.” ನಕ್ಕ. “ಇಲ್ಲಿ ದಿನ ತುಂಬಿದ ಬಸುರಿಯರು ಮೊದಲೇ ಆಚೆ ದಡಕ್ಕೆ ಹೋಗಿ ಉಳಿಯುತ್ತಾರೆ. ನಾವೆಲ್ಲ ಹವಾಮಾನ ನೋಡಿಕೊಂಡೇ ಕಾಯಿಲೆ ಬೀಳಬೇಕು.” ಆ ಮಾತಿಗೆ ಅವನೂ ಪೂರ್ತಿ ನಗಲಿಲ್ಲ.

ಹಡಗು ಹೊರಟಾಗ ಹಿಂದಿರುಗಿ ನೋಡಿದೆ. ಮಂಜು ಕರಗಿತ್ತು. ಹತ್ತು ಹೆಲಿಕಾಪ್ಟರ್ ಇಳಿಯುವಷ್ಟು ನಿಚ್ಚಳವಾದ ಆಕಾಶ.

ಅಣ್ಣ ಆಲ್ಮೆರೆಗೆ ಮರಳಿದ ಮೇಲೆ ನಾನೂ ಅಲ್ಲೇ ಉಳಿದೆ. ಕಣ್ಣು ಮುಚ್ಚಿದರೆ ಮೂರು ಗಂಟೆ ಹತ್ತು ನಿಮಿಷ, ಬೆಂಚು, ಬಾರದ ತೇಗು. ಮೊದಲ ರಾತ್ರಿಗಳಲ್ಲಿ ಅವನು ಸದ್ದಿಲ್ಲದೆ ಮಲಗುತ್ತಿದ್ದ. ನಾನು ಎದ್ದೆದ್ದು ಹೋಗಿ ಬಾಗಿಲಲ್ಲಿ ನಿಂತು, ಹೊದಿಕೆ ಏರಿ ಇಳಿಯುವುದನ್ನು ನೋಡುತ್ತಿದ್ದೆ. ಗುರುವಾರ, ದೀಪ ಆರಿಸಿದ ಸ್ವಲ್ಪ ಹೊತ್ತಿಗೆ, ಗೋಡೆಯಾಚೆ ಗೊರಕೆ ಶುರುವಾಯಿತು. ಒಡ್ಡು ಒಡೆಯುವಂಥ ಗೊರಕೆ.

ಕಣ್ಣು ಬಿಟ್ಟಾಗ ಶುಕ್ರವಾರದ ಬಿಸಿಲು ಹಾಸಿಗೆಯ ಮೇಲಿತ್ತು.