ಗುಂಪಿಗೆ ತಲುಪದ ಉತ್ತರ

ಬೋಜಮ್ಮ ಆಂಟಿ, ನಿಮ್ಮ ಇಮೇಲ್ ನನಗೆ ತಲುಪಿತ್ತು. ಓದಿದ್ದೆ — ಎರಡು ಸಲ. ಆಮೇಲೆ ಅದು ಬಂದೇ ಇಲ್ಲವೆಂಬಂತೆ ನಡೆದುಕೊಂಡೆ.

ಆರು ವರ್ಷದ ಹಿಂದಿನ ಮಾತು. ಗುರುಗ್ರಾಮದಲ್ಲಿ ಕೆಲಸ ಮಾಡುತ್ತ, ಬಿಡುವಿನಲ್ಲಿ ಒಂದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ಕೋಡ್ ಬರೆಯುತ್ತಿದ್ದೆ. ಎಲ್ಲೆಲ್ಲಿಯವರೋ ಕೂಡಿ ಕಟ್ಟುವ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಸಿಸ್ಟಮ್ ಅದು. ಹಳೆಯ ಕಂಪ್ಯೂಟರುಗಳಿಗೆಂದು ಉಳಿಸಿಕೊಂಡಿದ್ದ ಒಂದಿಷ್ಟು ಕೋಡ್ ನನ್ನ ಹೊಸ ಬದಲಾವಣೆಗೆ ಅಡ್ಡ ಬರುತ್ತಿತ್ತು. ತೆಗೆಯುವ ಮುನ್ನ ನಮ್ಮ ಇಮೇಲ್ ಗುಂಪಿನಲ್ಲಿ ಎಲ್ಲರನ್ನೂ ಕೇಳುವುದು ಪದ್ಧತಿ. ಕೇಳಿದೆ — ಇದನ್ನು ಇನ್ನೂ ಯಾರಾದರೂ ಬಳಸುತ್ತಿದ್ದೀರಾ?

ನೀವೊಬ್ಬರೇ ಉತ್ತರಿಸಿದಿರಿ. ಗುಂಪಿಗಲ್ಲ, ನನಗೆ, ಹೆಸರು ನೋಡಿ ನಮ್ಮವನೆಂದು ಗುರುತಿಸಿ, ಕನ್ನಡದಲ್ಲೇ. ದೆಹಲಿಯ ಓಖ್ಲಾದಲ್ಲಿ ಅಂಧ ಮಕ್ಕಳಿಗೆ ಬ್ರೈಲ್ ಪುಸ್ತಕ ಅಚ್ಚು ಮಾಡುತ್ತೇವೆ, ನಮ್ಮ ಮುದ್ರಣಯಂತ್ರ ಈ ಹಳೆಯ ಕಂಪ್ಯೂಟರಿನ ಮಾತನ್ನಷ್ಟೇ ಕೇಳುತ್ತದೆ, ದಯವಿಟ್ಟು ತೆಗೆಯಬೇಡಿ ಎಂದಿದ್ದಿರಿ.

ಗುಂಪಿಗೆ ನಾನು ಬರೆದೆ: “ಯಾರೂ ಬಳಸುತ್ತಿಲ್ಲ.”

ಒಬ್ಬರಿಗಾಗಿ ಎಲ್ಲರೂ ಕಾಯಬೇಕೇ ಎಂದುಕೊಂಡು — ಇಲ್ಲ, ಅದೂ ಸುಳ್ಳು. ಆ ಬದಲಾವಣೆ ನನ್ನ ಹೆಸರಿನಲ್ಲಿ ಸೇರಬೇಕಿತ್ತು, ಅಷ್ಟೆ.

ಹೊಸ ಆವೃತ್ತಿ ಹಾಕಿದ ದಿನವೇ ನಿಮ್ಮ ಮುದ್ರಣ ನಿಂತಿತು. ಪೂಜಾ ಎಂಬ ಹತ್ತನೇ ಕ್ಲಾಸಿನ ಹುಡುಗಿಯ ಗಣಿತ ಪುಸ್ತಕ ಅರ್ಧಕ್ಕೇ ಉಳಿದಿದೆ ಎಂದು ಫೋನ್ ಮಾಡಿದಿರಿ. ಇಮೇಲ್ ಸಿಗಲಿಲ್ಲವೇ ಎಂದು ಕೇಳಿದಿರಿ. ಸಿಗಲಿಲ್ಲ ಎಂದೆ. ತೆಗೆದದ್ದನ್ನು ಮತ್ತೆ ಸೇರಿಸಲಾಗದೇ ಎಂದಿರಿ. ಪ್ರಯತ್ನ ಮಾಡುತ್ತೇನೆ, ಗುಂಪು ಒಪ್ಪುವುದು ಕಷ್ಟ ಎಂದೆ.

“ಅಚ್ಛಾ, ನಿನ್ನ ತಪ್ಪೇನಿದೆ ಬಿಡಪ್ಪ,” ಎಂದಿರಿ.

ನಿಮ್ಮ ವಿಷಯ ಒಂದು ಸಾಲು ಬರೆದಿದ್ದರೆ ಗುಂಪು ಒಪ್ಪುತ್ತಿತ್ತು. ಆದರೆ ಆ ಸಾಲಿನ ಜೊತೆ ನನ್ನ ಸುಳ್ಳೂ... ಬರೆಯಲಿಲ್ಲ.

ಉಳಿದ ಪಾಠಗಳನ್ನು ನೀವೇ ಕೂತು ಓದಿ ಹೇಳಿದಿರಂತೆ, ಗಂಟಲು ಕಟ್ಟುವವರೆಗೆ. ಬೆರಳಿಗೆ ಸಿಗದ ಲೆಕ್ಕ ಬರೀ ಕಿವಿಯಿಂದ ಎಷ್ಟು ಹತ್ತೀತು? ಮರುವರ್ಷ ಪೂಜಾ ಗಣಿತ ಬಿಟ್ಟಳು.

ಕಳೆದ ತಿಂಗಳು ಪೀತಮ್‌ಪುರದ ಮದುವೆಯಲ್ಲಿ ಸಿಕ್ಕಿದಿರಿ. ಸೈನ್ಯದಿಂದ ನಿವೃತ್ತರಾದ ನಿಮ್ಮ ಯಜಮಾನರಿಗೆ ನನ್ನನ್ನು ಪರಿಚಯಿಸಿದಿರಿ. “ಇವನೇ ಸುಹಾಸ್. ಪಾಪ, ಆವತ್ತು ನಮಗೋಸ್ಕರ ಎಷ್ಟು ಕಷ್ಟಪಟ್ಟ.” ಅವರು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ನಾನು — ನಕ್ಕೆ.

ಇಂದು ಬೆಳಿಗ್ಗೆ ಗುಂಪಿಗೆ ನಿಜ ಬರೆದು ಕಳಿಸಿದೆ. ಅದರಿಂದ ಯಾವುದೂ ಮರಳಿ ಬರುವುದಿಲ್ಲ. ಪೂಜಾ ಈಗ ಎಲ್ಲಿದ್ದಾಳೆ, ತಿಳಿಸಿ ಆಂಟಿ. ಅವಳ ಎದುರು ಕೂತು ನಾನೇ ಹೇಳಬೇಕು.